ಇವತ್ತು ಸಂಜೆ ಫ್ರೀ ಇದ್ದೀರಾ

ಅಂದು ಬೆಳಗ್ಗೆ ಗಾಳಿಗೆ ಒಂದು ನೆಲೆ ಎಂಬುದೇ ಇರಲಿಲ್ಲ. ಒಮ್ಮೆ ಮೂಡಣದಿಂದ ಬೀಸಿತು, ಒಮ್ಮೆ ಪಡುವಣದಿಂದ. ಬಂದ ಮೋಡವನ್ನು ಮಳೆಯಾಗಲೂ ಬಿಡಲಿಲ್ಲ, ಹೋಗಲೂ ಬಿಡಲಿಲ್ಲ. ಬೀದಿಯ ಅಂಗಡಿಗಳ ತಗಡಿನ ಬೋರ್ಡುಗಳು ಸುಮ್ಮನಿರಲಾರದೆ ಕಟಕಟ ಎನ್ನುತ್ತಿದ್ದವು.

ಇಂಥ ದಿನ ಜನಕ್ಕೆಲ್ಲ ಕೊಡೆಯ ಚಿಂತೆಯಾದರೆ ಕಿವಿರಾಯನಿಗೆ ಕಿಟಕಿಯ ಚಿಂತೆ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸದ್ದು ಹಿಡಿಯುವುದು ಅವನ ಕೆಲಸ. ಪಕ್ಕದ ಮನೆಯಲ್ಲಿ ಶರ್ಟಿನ ಗುಂಡಿ ಹಾಕಿಕೊಂಡರೂ ಇವನಿಗೆ ಕೇಳುತ್ತದೆ ಎಂದು ನಕ್ಕು ಯಾರೋ ಇಟ್ಟ ಹೆಸರು, ಅದೇ ನಿಂತಿತ್ತು. ಕಿಟಕಿಯ ಸಂದಿಗೆ ಹಳೆಬಟ್ಟೆ ತುರುಕುತ್ತಾ ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಅವಳು ಇನ್ನೂ ಬಂದಿರಲಿಲ್ಲ.

ಅವಳು ಇಂಗ್ಲಿಷ್ ಪಾಠಗಳಿಗೆ ದನಿ ಕೊಡುವವಳು. ಈ ವಾರದ ಮೊದಲಲ್ಲಿ ಮೆಟ್ಟಿಲಿಳಿಯುತ್ತಾ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆವದಲ್ಲಿ ನಿಂತು, ತಲೆ ಎತ್ತದೆ ಹೇಳಿದ್ದಳು: "ನಮ್ಮ ಸೋದರತ್ತೆ ನನಗೆ ಒಂದು ಸಂಬಂಧ ತಂದಿದ್ದಾರೆ. ಶುಕ್ರವಾರ ಸಂಜೆ ಅವರಿಗೆ ಉತ್ತರ ಕೊಡಬೇಕು. ನಿಮ್ಮ ಮನಸ್ಸಲ್ಲಿ ಏನಾದ್ರೂ ಇದ್ರೆ ಅಷ್ಟರೊಳಗೆ ಹೇಳಿಬಿಡಿ. ಇಲ್ಲ ಅಂದ್ರೆ ನಾನು ಹೂಂ ಅಂತೀನಿ."

ಅವನ ಮನಸ್ಸಿನಲ್ಲಿ ಅವಳಲ್ಲದೆ ಬೇರೇನೂ ಇರಲಿಲ್ಲ. ಆದರೆ ನಾಲಿಗೆ ಏಳಲಿಲ್ಲ. ಅವನ ಎಡಗಿವಿ ಮಂಕಾಗುತ್ತಾ ಬಂದಿತ್ತು. ಇನ್ನೂ ಕಡಿಮೆಯಾಗಬಹುದು ಎಂದಿದ್ದರು ಡಾಕ್ಟರು. ಕಿವಿಯನ್ನೇ ನಂಬಿ ಉಣ್ಣುವವನು ಯಾವ ಮುಖ ಹೊತ್ತು ಒಂದು ಹೆಣ್ಣಿನ ಕೈ ಕೇಳಬೇಕು? ದೇವರೊಬ್ಬನಿಗೆ ಹೇಳಿಕೊಂಡಿದ್ದ. ದೇವರು ಕೇಳಿಸಿಕೊಂಡು ಸುಮ್ಮನಿದ್ದ.

ಇಂದು ಶುಕ್ರವಾರ.

ಅವಳು ಬಂದಳು. ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಾ ಒಮ್ಮೆ ಅವನತ್ತ ನೋಡಿದಳು. 'ಏನಾಯ್ತು?' ಎಂದು ಕೇಳಿ, ಉತ್ತರ ಬರುವ ಮೊದಲೇ ತಾನೇ ಹಿಂದೆ ಸರಿದ ನೋಟ ಅದು.

ಅವಳ ಹಿಂದೆಯೇ ಪಾಠ ಬರೆಯುವ ಮೇಷ್ಟ್ರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಗಂಡು ದನಿಯವನಿಗೆ ಗಂಟಲು ಕಟ್ಟಿದೆಯಂತೆ. ಕಿವಿರಾಯ, ಇವತ್ತು ನೀನೇ ಓದಿಬಿಡಪ್ಪ."

"ನಾನಾ? ಮಿಷಿನ್ ಯಾರು ನೋಡ್ಕೋತಾರೆ ಮೇಷ್ಟ್ರೇ?"

"ಕೆಂಪು ಗುಂಡಿ ಒತ್ತೋದಕ್ಕೆ ಪದವಿ ಬೇಕೇನೋ? ನಾನು ಒತ್ತುತೀನಿ. ನಡಿ ಒಳಗೆ."

ಹೀಗೆ ಎಂದೂ ಗಾಜಿನ ಆಚೆ ಇರುವವನು ಅಂದು ಗಾಜಿನ ಈಚೆ, ಅವಳ ಮೊಣಕೈ ತಗಲುವಷ್ಟು ಹತ್ತಿರ, ಒಂದೇ ಮೈಕಿನ ಮುಂದೆ ನಿಲ್ಲಬೇಕಾಯಿತು. ಮೇಷ್ಟ್ರ ದನಿ ಗೋಡೆಯ ಸ್ಪೀಕರಿನಿಂದ ಬಂತು.

"ಇವತ್ತಿನ ಪದ 'ಫ್ರೀ'. ದುಡ್ಡು ಕೊಡದೆ ಸಿಗೋ ನೀರೂ ಫ್ರೀ, ಯಾರೂ ಕೂರದ ಕುರ್ಚಿನೂ ಫ್ರೀ, ಪಂಜರ ಬಿಟ್ಟ ಹಕ್ಕಿನೂ ಫ್ರೀ. ನಾವು ನಾಲ್ಕಾರು ಮಾತು ಇಟ್ಕೊಂಡಿರೋ ಕಡೆ ಇಂಗ್ಲಿಷಿನವರು ಒಂದರಲ್ಲೇ ಸಂಸಾರ ತೂಗಿಸ್ತಾರೆ. ಹೂಂ, ಶುರು ಮಾಡಿ."

"ಈಸ್ ದಿಸ್ ಸೀಟ್ ಫ್ರೀ?" ಎಂದ ಕಿವಿರಾಯ.

"ಕುರ್ಚಿ ಖಾಲಿ ಇದೆಯಾ ಅಂತ ಕೇಳ್ತಿದ್ದೀಯಪ್ಪ, ಕೋರ್ಟಲ್ಲಿ ಸಾಕ್ಷಿ ಹೇಳ್ತಿಲ್ಲ. ಇನ್ನೊಮ್ಮೆ."

ಅವಳ ತುಟಿಯಂಚು ಕುಣಿಯಿತು. ಅವನು ಮತ್ತೆ ಕೇಳಿದ. "ಯೆಸ್, ಇಟ್ ಈಸ್" ಎಂದು ಓದಿ, ಮೈಕಿನಿಂದ ಮುಖ ತಿರುಗಿಸಿ ಅವಳು ಪಿಸುಗುಟ್ಟಿದಳು, "ಸಂಜೆವರೆಗೆ ಮಾತ್ರ."

ಅವನು ಗಡಿಬಿಡಿಯಲ್ಲಿ ಹಾಳೆ ಮಗುಚಿದ. ಮೈಕು ಅದನ್ನೂ ಹಿಡಿಯಿತು. ಇನ್ನೊಮ್ಮೆ ಓದಿದರು.

ಹಕ್ಕಿಯನ್ನು ಪಂಜರದಿಂದ ಬಿಟ್ಟದ್ದಾಯಿತು, ಅಂಗಡಿಯವನು ಸೋಪಿನ ಜೊತೆ ಬಾಚಣಿಗೆ ಫ್ರೀ ಕೊಟ್ಟದ್ದಾಯಿತು, ರೋಗಿ ನೋವಿನಿಂದ ಮುಕ್ತನಾದದ್ದೂ ಆಯಿತು. ಕೊನೆಗೆ ಉಳಿದದ್ದು ಒಂದು ಪ್ರಶ್ನೆ, ಒಂದು ಉತ್ತರ.

"ಆರ್ ಯೂ ಫ್ರೀ ದಿಸ್ ಈವ್ನಿಂಗ್?"

"ಸಾರಿ, ಐ ಆಮ್ ನಾಟ್."

"ಮಗಳೇ, ಅಳೋ ಹಾಗೆ ಹೇಳಬೇಡ" ಎಂದಿತು ಸ್ಪೀಕರು. "ಸಂಜೆ ಬಿಡುವಿಲ್ಲ, ಅಷ್ಟೇ."

ಮತ್ತೆ ಓದಿದರು. ಈ ಸಲ ಅವನ ಕಾಲು ನೆಲ ತಟ್ಟುತ್ತಿತ್ತು. ಮತ್ತೊಮ್ಮೆ ಓದಿದರೆ ಅವಳ ಉಸಿರು ಮಾತಿಗಿಂತ ಮುಂದೆ ಓಡಿತು. ಅವನು ಕೇಳುತ್ತಲೇ ಹೋದ, ಅವಳು ಇಲ್ಲವೆನ್ನುತ್ತಲೇ ಹೋದಳು. ಪ್ರತಿ 'ಇಲ್ಲ'ಕ್ಕೂ ಅವನೊಳಗೆ ಯಾರೋ ಬಾಗಿಲು ಮುಚ್ಚಿ ಚಿಲಕ ಹಾಕಿದಂತಾಗುತ್ತಿತ್ತು.

"ಇದು ಸರಿಯಾಯ್ತು" ಎಂದರು ಮೇಷ್ಟ್ರು. "ಇನ್ನು ನಿನ್ನ ಮೌನ ಒಂದು ಬಾಕಿ."

ಪಾಠ ಮುಗಿದ ಮೇಲೆ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನು ಹಿಡಿದಿಡುವುದು ಆ ಕಸುಬಿನ ಪದ್ಧತಿ. ಒಂದೊಂದು ಕೋಣೆಯ ಮೌನವೂ ಒಂದೊಂದು ಬಗೆ. ಮಾತಿನ ನಡುವೆ ಕತ್ತರಿಸಿದ ಕಡೆ ಆ ಕೋಣೆಯದೇ ಮೌನವನ್ನು ತಂದು ತೇಪೆ ಹಾಕಬೇಕು. ಕಿವಿರಾಯ ಎತ್ತಿದ ಕೈ ಇಳಿಸುವವರೆಗೆ ಯಾರೂ ಮಿಸುಕುವಂತಿಲ್ಲ. ಒಮ್ಮೆ ಸ್ಟುಡಿಯೋದ ಯಜಮಾನರೇ ಕೆಮ್ಮಿದಾಗ ಅವರನ್ನೂ ಹೊರಗೆ ಕಳಿಸಿದ್ದ.

ಅವನು ಕೈ ಎತ್ತಿದ. ಕಿವಿಗೇರಿಸಿದ್ದ ಹೆಡ್‌ಫೋನಿನಲ್ಲಿ ಕೋಣೆಯ ಮೌನ ತುಂಬಿಕೊಂಡಿತು. ಆ ಮೌನದ ನಡುವೆ ಅವಳು ಉಗುಳು ನುಂಗಿದ ಸದ್ದು. ಬಂದ ಅಳುವನ್ನು ಗಂಟಲಲ್ಲೇ ತಡೆದವರು ನುಂಗುವ ಹಾಗೆ. ಬಲಗಿವಿಗೆ ಅದು ಸ್ಪಷ್ಟವಾಗಿ ಕೇಳಿತು. ಎಡಗಿವಿಗೂ ಕೇಳಿತೋ, ಎದೆಗೇ ಕೇಳಿತೋ, ಆ ಭಗವಂತನೇ ಬಲ್ಲ.

ಎತ್ತಿದ ಕೈ ಎತ್ತಿದಂತೆಯೇ ಇತ್ತು. ಮಾತಾಡಿದವನು ಅವನೇ.

"ನನ್ನ ಎಡಗಿವಿ ಹೋಗ್ತಾ ಇದೆ."

ಅವಳು ಬೆಚ್ಚಲಿಲ್ಲ. "ಗೊತ್ತು."

"ಗೊತ್ತಾ? ಹೇಗೆ?"

"ಎಡಗಡೆಯಿಂದ ಕರೆದ್ರೆ ನೀವು ಬಲಗಡೆ ತಿರುಗಿ ಹುಡುಕ್ತೀರಿ. ಎಷ್ಟು ದಿನದಿಂದ ಸುತ್ತು ಹಾಕ್ಕೊಂಡು ನಿಮ್ಮ ಬಲಗಡೆನೇ ಬಂದು ಮಾತಾಡ್ತಿದ್ದೀನಿ, ಗಮನಕ್ಕೇ ಬಂದಿಲ್ಲ. ದೊಡ್ಡ ಕಿವಿರಾಯರು."

"ನಾಳೆ ಈ ಕೆಲಸ ಹೋದ್ರೆ?"

"ನನ್ನ ದನಿ ಇದೆಯಲ್ಲ. ಇಬ್ಬರ ಊಟಕ್ಕೆ ಸಾಕು."

"ಇನ್ನೊಂದು ಕಿವಿನೂ ಹೋದ್ರೆ?"

"ನಮ್ಮನೇಲಿ ಎಲ್ಲರದ್ದೂ ದೊಡ್ಡ ಗಂಟಲು. ನಿಮಗೆ ಆಗ ಒಳ್ಳೇದೇ." ನಕ್ಕವಳ ಕಣ್ಣು ತುಂಬಿತ್ತು. "ಕಿವಿ ವಿಷಯ ನಾನು ಕೇಳಲೇ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ."

"ನೀವು ಬೇಕು ನನಗೆ" ಎಂದ. ಮಾತು ಒರಟಾಗಿ, ಏರಿಳಿತವಿಲ್ಲದೆ ಬಂತು. "ಸಂಜೆ ಹೂಂ ಅನ್ನಬೇಡಿ. ನಾನೇ ಬಂದು ನಿಮ್ಮಮ್ಮನ ಹತ್ತಿರ ಮಾತಾಡ್ತೀನಿ."

ಅವಳು ಇನ್ನೂ ಗಾಳಿಯಲ್ಲೇ ನಿಂತಿದ್ದ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಿಡದೆ ಹಿಡಿದುಕೊಂಡಳು.

ಗೋಡೆಯ ಸ್ಪೀಕರು ಗರಗರ ಎಂದಿತು.

"ಮೌನ ಕೆಟ್ಟುಹೋಯ್ತಲ್ಲಪ್ಪ."

"ತಪ್ಪಾಯ್ತು ಮೇಷ್ಟ್ರೇ."

"ನನಗೇನು ತಪ್ಪಾಯ್ತು ಅಂತೀಯ? ಆ ಕೋಣೆಗೆ ಅರ್ಧ ನಿಮಿಷ ಬಾಕಿ ಇಟ್ಟಿದ್ದೀಯ, ಮೊದಲು ಅದನ್ನ ತೀರಿಸು. ಸಂಜೆ ನಾನೂ ಬರ್ತೀನಿ. ಗಂಡಿನ ಕಡೆ ಹಿರಿಯ ಅಂತ ಒಬ್ಬ ಬೇಡವಾ?"

ಮೇಷ್ಟ್ರು ಗುಂಡಿ ಒತ್ತಿದರು. ಕಿವಿರಾಯ ಬಿಡುವಾಗಿದ್ದ ಇನ್ನೊಂದು ಕೈಯನ್ನು ಎತ್ತಿದ. ಅವಳು ಉಸಿರು ಸಣ್ಣದು ಮಾಡಿ, ಬೆರಳನ್ನೂ ಮಿಸುಕಿಸದೆ ಅವನ ಪಕ್ಕದಲ್ಲಿ ನಿಂತಳು. ಇಬ್ಬರೂ ಸೇರಿ, ಒಂದು ಸದ್ದೂ ಇಲ್ಲದೆ, ಆ ಕೋಣೆಯ ಅರ್ಧ ನಿಮಿಷವನ್ನು ಅದಕ್ಕೆ ಹಿಂದಿರುಗಿಸಿದರು.