ತಪ್ಪಾದಾಗ ಆಡುವ ಮಾತು

ಹಡಗು ದಡ ಮುಟ್ಟುವ ಮೊದಲೇ ನಾನು ಅವನನ್ನು ಗುರುತಿಸಿದೆ. ಒಂದು ಕಾಲಿನ ಮೇಲೆ ಭಾರ ಹಾಕಿ, ಕೈಗಳನ್ನು ಜೇಬಿಗೆ ಇಳಿಸಿ, ಕರ್ಕೆನ್ನಾ ದ್ವೀಪದ ಬಿಸಿಲನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಿದ್ದ. ನಾಲ್ಕು ವರ್ಷದಲ್ಲಿ ಕಿವಿಯ ಹತ್ತಿರ ಒಂದಿಷ್ಟು ನರೆ ಬಂದಿತ್ತು. ನಿಲ್ಲುವ ರೀತಿ ಬದಲಾಗಿರಲಿಲ್ಲ.

ಆಹ್ವಾನ ಪತ್ರಕ್ಕೆ ಸಹಿ ಹಾಕಿದ್ದು ಅತ್ತಾಯಾ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ. ‘ಖೈತ್ ಭಾಷೆಯ ತಾಯಿಯನ್ನು ನಮ್ಮ ಐದನೇ ತರಗತಿಯ ಮಕ್ಕಳು ಪ್ರಶ್ನೆ ಕೇಳಬೇಕೆಂದಿದ್ದಾರೆ’ ಎಂದು ಬರೆದಿದ್ದರು. ಪಾಠ ಹೇಳುವ ಮೇಷ್ಟರ ಹೆಸರು ಅದರಲ್ಲಿರಲಿಲ್ಲ. ಆ ಊರಿನಲ್ಲಿ ಕಂಪ್ಯೂಟರ್ ಕಲಿಸುವವನು ಝುಹೈರ್ ಬಿಟ್ಟು ಇನ್ಯಾರಿರಲು ಸಾಧ್ಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಂದೆ.

“ಒಂದೇ ಚೀಲನಾ?” ಅಂದ. ನಾಲ್ಕು ವರ್ಷದ ನಂತರದ ಮೊದಲ ಮಾತು. “ಸ್ಫಾಕ್ಸ್‌ನವರು ಬರ್ತಾರೆ ಅಂದ್ರೆ ಆಫೀಸನ್ನೇ ಹೊತ್ಕೊಂಡು ಬರ್ತಾರೆ ಅಂದ್ಕೊಂಡಿದ್ದೆ.”

“ಆಫೀಸ್ ಹಡಗಲ್ಲಿ ಹಿಡಿಸಲಿಲ್ಲ.”

ಅವನ ತುಟಿಯ ಎಡ ತುದಿ ಚೂರೇ ಚೂರು ಮೇಲೆದ್ದು, ಏನೋ ನೆನಪಾದಂತೆ ಮತ್ತೆ ಕೆಳಗಿಳಿಯಿತು. ಆ ಇಳಿಯುವಿಕೆಗೆ ಕಾರಣ ನಾನು.

“ಚಿಕ್ಕಪ್ಪನ ಪಿಕಪ್ ಇದು. ಮೀನಿನ ವಾಸನೆ ಅಂತ ಮೂಗು ಮುಚ್ಕೊಂಡ್ರೆ ದಾರೀಲೇ ಇಳಿಸಿಬಿಡ್ತೀನಿ.”

ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಕಿಟಕಿಯಾಚೆ ನೋಡುತ್ತ, ಅವನು ಗೇರ್ ಬದಲಿಸುವಾಗಲೆಲ್ಲ ನನ್ನ ಮೊಣಕಾಲಿಗೆ ಕೈ ತಾಗದಂತೆ ಎಚ್ಚರ ವಹಿಸುವುದನ್ನು ಗಮನಿಸುತ್ತ ಕುಳಿತೆ. ಒಂದು ಕಾಲದಲ್ಲಿ ತಾಗಲೆಂದೇ ಗೇರ್ ಬದಲಿಸುತ್ತಿದ್ದ.

* * *

ಖೈತ್ ಅಂದರೆ ದಾರ. ಸ್ಫಾಕ್ಸ್ ನಗರದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ನಾವಿಬ್ಬರೂ ಸೇರಿ ಮಕ್ಕಳಿಗೆಂದು ಮಾಡಿದ ಪ್ರೋಗ್ರಾಮಿಂಗ್ ಭಾಷೆ ಅದು. ಅರಬ್ಬಿಯಲ್ಲಿ ಬರೆದರೆ ಕಂಪ್ಯೂಟರ್ ಕೇಳುತ್ತದೆ. ಮೂರು ವರ್ಷ ಅದರ ಒಂದೊಂದು ಪದಕ್ಕೂ ಜಗಳವಾಡಿದೆವು. ಜಗಳವಾಡುತ್ತಲೇ ಒಬ್ಬರ ಕಪ್ಪಿನಿಂದ ಒಬ್ಬರು ಕಾಫಿ ಕುಡಿಯುವಷ್ಟು ಹತ್ತಿರವಾದೆವು.

ದೊಡ್ಡ ಜಗಳವಾದದ್ದು ಮಕ್ಕಳು ತಪ್ಪು ಬರೆದಾಗ ಕಂಪ್ಯೂಟರ್ ಏನು ಹೇಳಬೇಕು ಎಂಬುದಕ್ಕೆ.

“‘ಹದಿನಾಲ್ಕನೇ ಸಾಲಿನಲ್ಲಿ ದೋಷ’, ಅಷ್ಟು ಸಾಕು,” ಅಂದಿದ್ದೆ. “ಚಿಕ್ಕದಾಗಿ, ಸ್ಪಷ್ಟವಾಗಿ, ಪುಸ್ತಕದ ಅರಬ್ಬಿಯಲ್ಲಿ.”

“ಬಿದ್ದು ಅಳ್ತಿರೋ ಮಗೂನ ಪುಸ್ತಕದ ಅರಬ್ಬೀಲಿ ಯಾರಾದ್ರೂ ಸಮಾಧಾನ ಮಾಡ್ತಾರೇನೇ ಉಲ್ಫಾ?”

ಮರುದಿನ ಅವನು ಒಂದು ಹಾಳೆ ತಂದ. ಆವರಣ ಚಿಹ್ನೆ ಮುಚ್ಚದಿದ್ದರೆ: ‘ಬಾಗಿಲು ತೆಗೆದೆ, ಹಾಕೋದು ಮರೆತೆ ನೋಡು.’ ಮೊದಲು ಹೇಳದೇ ಇದ್ದ ಹೆಸರನ್ನು ಬಳಸಿದರೆ: ‘ಇವರ್ಯಾರು? ನಂಗಿನ್ನೂ ಪರಿಚಯ ಮಾಡಿಸಿಲ್ಲ.’ ಕೊನೆಯಿಲ್ಲದೆ ಸುತ್ತುವ ಆದೇಶ ಕೊಟ್ಟರೆ: ‘ಸುತ್ತಿ ಸುತ್ತಿ ಸುಸ್ತಾಯ್ತು ಕಂದಾ, ಎಲ್ಲಿ ನಿಲ್ಲಲಿ?’ ಎಲ್ಲವೂ ದ್ವೀಪದ ಆಡುಮಾತಿನಲ್ಲಿ.

“ಎಲ್ಲಿಂದ ತಂದೆ ಇವನ್ನ?”

“ಅಮ್ಮ ಹೀಗೇ ಮಾತಾಡೋದು. ಬಲೆ ಹೆಣೆಯೋದು ಕಲಿಸುವಾಗ ಒಂದು ದಿನಾನೂ ‘ತಪ್ಪು’ ಅಂದೋಳಲ್ಲ.” ಆಮೇಲೆ ನನ್ನ ಕಣ್ಣನ್ನು ಹುಡುಕಿ ಅಂದ, “ಬಂದು ನೋಡು ಅವಳನ್ನ. ಹುಡುಗಿ ಯಾವಾಗ ಬರ್ತಾಳೆ ಅಂತ ಕೇಳ್ತಾನೇ ಇದಾಳೆ.”

“ಟ್ಯೂನಿಸ್‌ನಲ್ಲಿ ಖೈತ್ ತೋರಿಸೋ ಸಮ್ಮೇಳನ ಮುಗೀಲಿ ಝುಹೈರ್. ಮುಗಿದ ಮಾರನೇ ದಿನವೇ ಹಡಗು ಹತ್ತೋಣ.”

ಸಮ್ಮೇಳನಕ್ಕೆ ಹತ್ತು ದಿನವಿರುವಾಗ ಅವನ ತಾಯಿ ಮನ್ನೂಬಿಯಾ ತೀರಿಕೊಂಡರು. ಅವನು ಊರಿಗೆ ಓಡಿದ. ನಾನು ಹೋಗಲಿಲ್ಲ. ಫೋನ್ ಮಾಡಿ ಹೇಳಬೇಕಾದ್ದನ್ನು ಹೇಳಿದೆ, ತಯಾರಿ ಬಾಕಿ ಇದೆ ಅಂದೆ. ಸ್ಫಾಕ್ಸ್‌ನಿಂದ ಕರ್ಕೆನ್ನಾಕ್ಕೆ ಹಡಗಿನಲ್ಲಿ ಒಂದೂಕಾಲು ಗಂಟೆಯ ದಾರಿ.

ಟ್ಯೂನಿಸ್‌ನ ಆ ಸಭಾಂಗಣದಲ್ಲಿ ನನ್ನ ಭಾಷಣ ಮುಗಿದಾಗ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. “ನಮ್ಮಜ್ಜಿ ಹೀಗೇ ಮಾತಾಡ್ತಿದ್ರಮ್ಮ. ಈ ವಾಕ್ಯಗಳನ್ನ ಬರೆದವರು ಯಾರು?”

ಉತ್ತರ ನಾಲಿಗೆಯ ಮೇಲೇ ಇತ್ತು. ನನ್ನ ಜೊತೆಗಾರ ಬರೆದದ್ದು, ಅವನ ತಾಯಿ ತೀರಿಕೊಂಡಿದ್ದಾರೆ, ಅದಕ್ಕೇ ಬಂದಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅದನ್ನು ಹೇಳಿದ ಕೂಡಲೇ, ಹಾಗಾದರೆ ನೀನ್ಯಾಕೆ ಇಲ್ಲಿದ್ದೀಯಾ ಎಂದು ಆ ಸಭಾಂಗಣವೆಲ್ಲ ನನ್ನನ್ನು ಕೇಳುತ್ತದೆ ಅನ್ನಿಸಿತು.

“ನಾನೇ ಸರ್,” ಅಂದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದರ ವಿಡಿಯೋವನ್ನು ಎಲ್ಲರೂ ನೋಡಿದರು. ಝುಹೈರ್ ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡು ಸಾಲಿನ ರಾಜೀನಾಮೆ ಕಳಿಸಿದ. ನಾನು ಫೋನ್ ಎತ್ತಿಕೊಂಡು ಅವನ ಹೆಸರನ್ನು ನೋಡುತ್ತ ಕೂತ ದಿನಗಳಿಗೆ ಲೆಕ್ಕವಿಲ್ಲ. ಮಾಡಲಿಲ್ಲ. ಮಾಡಿದ್ದರೆ ಏನೆಂದು ಶುರು ಮಾಡುತ್ತಿದ್ದೆ?

* * *

ಐದನೇ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು, ಒಂಬತ್ತು ಕಂಪ್ಯೂಟರ್. ಝುಹೈರ್ ಕಿಟಕಿಗೆ ಒರಗಿ ಕೈಕಟ್ಟಿ ನಿಂತ.

“ಮೇಡಂ, ಕಂಪ್ಯೂಟರಿಗೆ ಅರಬ್ಬಿ ಬರುತ್ತಲ್ಲ, ಮತ್ತೆ ಹೊಸ ಭಾಷೆ ಯಾಕೆ?” ಎಂದು ಹಲ್ಲೊಂದು ಬಿದ್ದ ಹುಡುಗನೊಬ್ಬ ಶುರು ಮಾಡಿದ.

“ಅದಕ್ಕೆ ಅರಬ್ಬಿನೂ ಬರಲ್ಲ, ಇಂಗ್ಲಿಷೂ ಬರಲ್ಲ. ಇದೆ, ಇಲ್ಲ, ಎರಡೇ ಗೊತ್ತು ಅದಕ್ಕೆ. ನಾವು ಹೇಳೋದನ್ನ ಅದಕ್ಕೆ ತಿಳಿಸೋಕೆ ನಡುವೆ ಒಬ್ಬರು ಬೇಕು. ಭಾಷೆ ಅಂದ್ರೆ ಅದು.”

“ಹಂಗಾದ್ರೆ ಒಂದೇ ಸಾಕಲ್ಲ? ನಮ್ಮಣ್ಣ ನಾಕು ಕಲೀತಾನಂತೆ.”

“ನಿಮ್ಮಪ್ಪ ಎಲ್ಲಾ ಮೀನಿಗೂ ಒಂದೇ ಬಲೆ ಹಾಕ್ತಾರಾ?”

ತರಗತಿ ಗೊಳ್ಳೆಂದಿತು. “ಆಕ್ಟೋಪಸ್‌ಗೆ ಬಲೇನೇ ಅಲ್ಲ ಮೇಡಂ, ಮಡಕೆ!” “ಸ್ಫಾಕ್ಸ್‌ನೋರಿಗೆ ಅದೂ ಗೊತ್ತಿಲ್ಲ!”

ಝುಹೈರ್ ತಲೆ ತಗ್ಗಿಸಿ ನಕ್ಕದ್ದು ಕಾಣಿಸಿತು. ನನಗೂ ನಗು ಬಂತು. ಅಣ್ಣಂದಿರ ಭಾಷೆಗಳಲ್ಲಿ ಎಣಿಕೆ ಸೊನ್ನೆಯಿಂದ ಶುರುವಾದರೆ ಖೈತ್‌ನಲ್ಲಿ ಒಂದರಿಂದ ಯಾಕೆ ಎಂದು ಕೇಳಿದರು. ಆ ಭಾಷೆಗಳು ಮೊದಲನೆಯದರಿಂದ ಎಷ್ಟು ಹೆಜ್ಜೆ ದೂರ ಅಂತ ಅಳೆಯುತ್ತವೆ, ನಾವು ಬೆರಳು ಮಡಚಿ ಎಣಿಸುತ್ತೇವೆ ಅಂದೆ. ಇಪ್ಪತ್ತಾರು ಮಕ್ಕಳೂ ಬೆರಳು ಮಡಚಿ ನೋಡಿಕೊಂಡರು. ಒಂದರ್ಧ ಗಂಟೆ ನಾನು ಯಾರಿಗೂ ಏನೂ ಮಾಡಿಲ್ಲದವಳ ಹಾಗೆ ಸುಖವಾಗಿದ್ದೆ.

ಆಗ ಮೂಲೆಯ ಬೆಂಚಿನಿಂದ ಸುಂದುಸ್ ಎಂಬ ಹುಡುಗಿ ಎದ್ದಳು. ಎರಡು ಜಡೆ, ಗಂಭೀರ ಮುಖ.

“ಮೇಡಂ, ನಾವು ತಪ್ಪು ಮಾಡಿದ್ರೆ ಖೈತ್ ಬೈಯಲ್ಲ. ಚೆನ್ನಾಗಿ ಮಾತಾಡುತ್ತೆ. ಹಂಗೆ ಮಾತಾಡೋದನ್ನ ಅದಕ್ಕೆ ಕಲಿಸಿದ್ದು ನೀವೇ ಅಂತ ಸೀದಿ ಹೇಳಿದ್ರು. ನೀವು ಹೆಂಗೆ ಕಲಿಸಿದ್ರಿ?”

ಸೀದಿ ಅಂದರೆ ಅವರ ಮೇಷ್ಟರು. ನಾನು ಝುಹೈರ್‌ನ ಕಡೆ ನೋಡಿದೆ. ಅವನು ಮುಖವನ್ನು ಕಿಟಕಿಯಾಚೆ ತಿರುಗಿಸಿಬಿಟ್ಟಿದ್ದ. ನಾನು ಏನು ಹೇಳಿದರೂ ಸರಿ ಎಂದು ದಾರಿ ಬಿಟ್ಟುಕೊಟ್ಟ ಹಾಗಿತ್ತು. ಆ ಔದಾರ್ಯವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ನಾನು ಕಲಿಸಿಲ್ಲ ಸುಂದುಸ್,” ಅಂದೆ. “ಅದನ್ನ ಬರೆದದ್ದು ನಿಮ್ಮ ಸೀದಿ. ಅವು ಅವರ ಅಮ್ಮನ ಮಾತು. ದೊಡ್ಡ ಸಭೇಲಿ ಯಾರು ಬರೆದದ್ದು ಅಂತ ಕೇಳಿದಾಗ ನಾನು ಅಂತ ಸುಳ್ಳು ಹೇಳಿದೆ.”

ಹಲ್ಲು ಬಿದ್ದ ಹುಡುಗ ಮೆಲ್ಲಗೆ ಕೇಳಿದ, “ಮನ್ನೂಬಿಯಾ ಅಜ್ಜೀದಾ? ನಮ್ಮನೆ ಪಕ್ಕದ ಮನೆ ಅಜ್ಜೀದಾ?”

“ಹೌದು.”

“ಅದಕ್ಕೇ!” ಎಂದು ಅವನು ಪಕ್ಕದವನ ಬೆನ್ನಿಗೊಂದು ಗುದ್ದಿದ. “ನಾನು ಹೇಳಿರಲಿಲ್ವೇನೋ, ಎಲ್ಲೋ ಕೇಳ್ದಂಗಿದೆ ಅಂತ!”

ಸುಂದುಸ್ ಮಾತ್ರ ಇನ್ನೂ ನಿಂತೇ ಇದ್ದಳು. “ಹಂಗಾದ್ರೆ ಸೀದಿನೂ ನಮಗೆ ಸುಳ್ಳು ಹೇಳಿದ್ರು,” ಅಂದು, ನಮ್ಮಿಬ್ಬರನ್ನೂ ಸರದಿಯಂತೆ ನೋಡಿ ಕುಳಿತಳು.

* * *

ಹಡಗಿಗೆ ಇನ್ನೂ ಹೊತ್ತಿತ್ತು. ಅರ್ಧ ದಾರಿಯಲ್ಲಿ ಅವನು ಪಿಕಪ್ಪನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಳಿತ.

“ನಂಗೆ ಸಿಟ್ಟು ವಾಕ್ಯ ತಗೊಂಡಿದ್ದಕ್ಕೆ ಅಲ್ಲ,” ಅಂದ. “ಅದನ್ನ ನೀನು ಕೇಳಿದ್ರೆ ಕೊಡ್ತಿದ್ದೆ. ಎಲ್ಲಾನೂ ಕೊಡ್ತಿದ್ದೆ. ಅಮ್ಮ ಹೋದಾಗ ಮೂರು ದಿನ ಮನೆ ತುಂಬ ಜನ. ಪ್ರತಿ ಹಡಗು ಬಂದಾಗಲೂ ಬಾಗಿಲು ನೋಡ್ತಿದ್ದೆ. ಸ್ಫಾಕ್ಸ್‌ನೋರು ಸಾವಿಗೂ ಡೈರಿ ನೋಡ್ಕೊಂಡೇ ಬರ್ತಾರೆ ಅಂತ ನಮ್ಮ ಸೋದರತ್ತೆ ಆಡಿಕೊಂಡ್ರು. ನಾನು ಅವರ ಜೊತೆ ಜಗಳ ಆಡಿದೆ ಉಲ್ಫಾ, ನಿನ್ನ ಪರವಾಗಿ! ಬರ್ತಾಳೆ ಅಂದೆ.”

ಕೈ ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ.

“ಮತ್ತೆ ಮಕ್ಕಳಿಗೆ ಯಾಕೆ ನನ್ನ ಹೆಸರು ಹೇಳಿದೆ?” ಎಂದು ಕೊನೆಗೆ ಕೇಳಿದೆ.

ಅವನ ಕಿವಿ ಕೆಂಪಾಯಿತು. “ದಿನಾ ಯಾರ ಹತ್ರಾನಾದ್ರೂ ನಿನ್ನ ಹೆಸರು ಹೇಳ್ಬೇಕಿತ್ತು. ಬೇರೆ ಯಾರು ಕೇಳ್ತಾರೆ ನನ್ನಿಂದ? ಪಾಪ, ಅವು ಕೇಳ್ತಿದ್ವು.”

ನಾನು ಅತ್ತೆ. ಅವನು ಕರವಸ್ತ್ರ ಕೊಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ತಾನಾಗಿಯೇ ಗಾಡಿಯನ್ನು ಸಮುದ್ರದ ಕಡೆ ತಿರುಗಿಸಿದ. ಗಿಡ್ಡ ಖರ್ಜೂರದ ಮರಗಳ ನಡುವೆ, ಸುಣ್ಣ ಬಳಿದ ಸಣ್ಣ ಗೋರಿಯ ಮುಂದೆ ನಿಲ್ಲಿಸಿದ. ನಾನು ಇಳಿದು ಹೋಗಿ ನಿಂತೆ. ಫಾತಿಹಾ ಪ್ರಾರ್ಥನೆ ಹೇಳಿದೆ. ಆಮೇಲೆ, “ತಡವಾಗಿ ಬಂದೆ, ಕ್ಷಮಿಸಿ,” ಅಂದೆ. ಅದಕ್ಕಿಂತ ಹೆಚ್ಚು ಏನು ಹೇಳಿದರೂ ನನ್ನ ಬಗ್ಗೆಯೇ ಹೇಳಿಕೊಂಡಂತೆ ಆಗುತ್ತಿತ್ತು.

ಬಂದರಿನಲ್ಲಿ ಅವನು ನನ್ನ ಚೀಲ ಕೈಗಿತ್ತ.

“ಕ್ಷಮಿಸಿದೆ ಅಂತ ಇವತ್ತು ಹೇಳಲ್ಲ. ಹೇಳಿದ್ರೆ ಅದು ಮೂರನೇ ಸುಳ್ಳಾಗುತ್ತೆ.”

“ಹೇಳಬೇಡ.”

“ಮುಂದಿನ ಶನಿವಾರ ಬೇಕಾದ್ರೆ ಬಾ. ಖೈತ್‌ನಲ್ಲಿ ಇನ್ನೂ ಕೆಲವು ಕಡೆ ಪುಸ್ತಕದ ಮಾತೇ ಇದೆ. ಮಕ್ಕಳು ಅಲ್ಲಿ ತಡವರಿಸ್ತಾರೆ.”

* * *

ಸೋಮವಾರ ಆ ಪ್ರಾಧ್ಯಾಪಕರಿಗೆ, ಸಮ್ಮೇಳನದವರಿಗೆ, ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ಆ ವಾಕ್ಯಗಳು ಝುಹೈರ್‌ನವು ಎಂದು ಒಂದೇ ಪತ್ರ ಬರೆದೆ. ಮುಖ್ಯಸ್ಥರು ಕೂಗಾಡಿದರು. ಖೈತ್‌ನ ಹೊಣೆಯನ್ನು ನನ್ನಿಂದ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟರು, ನನ್ನನ್ನು ಅವರ ಕೆಳಗೆ ಕೆಲಸಕ್ಕೆ ಹಾಕಿದರು. ಪ್ರಾಧ್ಯಾಪಕರು ಉತ್ತರಿಸಲಿಲ್ಲ. ನಾನು ಅಂದುಕೊಂಡಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ನೋಯಬೇಕಾದದ್ದೇ.

ಶನಿವಾರ ಹೋದೆ. ಮುಂದಿನ ಶನಿವಾರವೂ ಹೋದೆ. ಮುಚ್ಚಿದ ಶಾಲೆಯ ಮೆಟ್ಟಿಲ ಮೇಲೆ ಕೂತು ಒಂದೊಂದು ಪದಕ್ಕೂ ಮತ್ತೆ ಜಗಳವಾಡಿದೆವು. ನಾಲ್ಕನೇ ವಾರ ಅವನ ಸೋದರತ್ತೆ ನಮಗಿಬ್ಬರಿಗೂ ಊಟ ಕಳಿಸಿದರು, ನನ್ನ ಪಾಲಿನದರಲ್ಲಿ ಮೆಣಸಿನಕಾಯಿ ಬೇಕೆಂದೇ ಜಾಸ್ತಿ. ನಾನು ಕಣ್ಣೀರು ಸುರಿಸುತ್ತ ಪೂರ್ತಿ ತಿಂದೆ. ಝುಹೈರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಬಂದರಿನಲ್ಲಿ ಬೀಳ್ಕೊಡುವಾಗ ಪ್ರತಿ ಸಲವೂ ಅವನ ಕೈ ಜೇಬಿನಲ್ಲೇ ಇರುತ್ತಿತ್ತು. ನಾನು ಅದನ್ನು ಹೊರಗೆ ಬಾ ಎಂದು ಕೇಳಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಗಾಳಿ ಎದ್ದಿತು. ಹಡಗುಗಳನ್ನೆಲ್ಲ ನಿಲ್ಲಿಸಿದರು. ಬರಲಾಗುವುದಿಲ್ಲ ಎಂದು ಮೆಸೇಜ್ ಹಾಕಿದೆ. ಅವನು ಓದಿದ, ಉತ್ತರ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸಮುದ್ರ ತಣ್ಣಗಾದ ಸುದ್ದಿ ಕೇಳಿ, ಮನೆಯಲ್ಲಿ ಕೂರಲಾಗದೆ ನಾನು ಸ್ಫಾಕ್ಸ್ ಬಂದರಿಗೆ ಹೋದೆ. ದ್ವೀಪದಿಂದ ಬಂದ ಮೊದಲ ಹಡಗು ಜನರನ್ನು ಇಳಿಸುತ್ತಿತ್ತು. ಎಲ್ಲರಿಗಿಂತ ಮೊದಲು, ಗೇಟು ಪೂರ್ತಿ ತೆರೆಯುವಷ್ಟೂ ತಾಳ್ಮೆಯಿಲ್ಲದೆ ಸಂದಿಯಲ್ಲಿ ನುಗ್ಗಿ ಬಂದವನು ಝುಹೈರ್. ಕ್ಷೌರ ಮಾಡಿರಲಿಲ್ಲ. ಕೋಟಿನ ಗುಂಡಿ ಮೇಲೆ ಕೆಳಗೆ ಆಗಿತ್ತು.

“ನಿನ್ನೆ ಬರಲಿಲ್ಲ ನೀನು,” ಅಂದ.

“ಹಡಗೇ ಇರಲಿಲ್ಲವಲ್ಲೋ!”

“ಗೊತ್ತು. ಗೊತ್ತಿದ್ದೂ ಬಂದರಲ್ಲಿ ನಿಂತಿದ್ದೆ, ಸಂಜೆ ಐದರವರೆಗೆ. ಗಾಳಿಗೆ ಟೋಪಿ ಹಾರಿ ಹೋಯ್ತು. ನಿಂತು ನಿಂತು ನಿನ್ನ ಮೇಲೆ ಎಂಥಾ ಸಿಟ್ಟು ಬಂತು ಗೊತ್ತಾ?”

ನಾನು ತಲೆ ತಗ್ಗಿಸಿದೆ. “ಆ ಸಿಟ್ಟು ನ್ಯಾಯವೇ ಝುಹೈರ್.”

“ಅಯ್ಯೋ, ಅದಲ್ಲ ಕಣೇ! ಹಳೇದು ಎಲ್ಲಿ ಹೋಯ್ತೋ, ಹುಡುಕಿದ್ರೂ ಸಿಗಲಿಲ್ಲ. ಇದು ಹೊಸದು. ಮನೆಗೆ ತಡವಾಗಿ ಬಂದ ಹೆಂಡತಿ ಮೇಲೆ ಬರೋ ಥರದ್ದು.”

ಅವನ ಎರಡೂ ಕೈಗಳು ಜೇಬಿನಿಂದ ಹೊರಗಿದ್ದವು. ನಾನು ಒಂದನ್ನು ಹಿಡಿದುಕೊಂಡೆ. ತಣ್ಣಗಿತ್ತು.

“ಹಾಗಾದ್ರೆ ಬೈಯಿ,” ಅಂದೆ.

ಅವನು ಶುರು ಮಾಡಿದ. ಮೀನು ಮಾರುಕಟ್ಟೆ ದಾಟುವವರೆಗೂ ನಿಲ್ಲಿಸಲಿಲ್ಲ. ನಾನು ಒಂದು ಮಾತೂ ಬಿಡದೆ ಕೇಳುತ್ತ ಪಕ್ಕದಲ್ಲೇ ನಡೆದೆ.