ಗಂಟೆಗೆ ಮೂರು ಏಟು

ರಂಗೇಶನ ಸಿಟ್ಟೆಲ್ಲ ಒಂದು ಹಳಿ ತುಂಡಿನ ಮೇಲೆ. ಹಿರಿಯೂರಿನ ಹೈವೇ ಪಕ್ಕದ ಕೊಬ್ಬರಿ ಗೋಡೌನಿಗೆ ರಾತ್ರಿ ಕಾವಲು ಅವನೊಬ್ಬನೇ. ಸಾಹುಕಾರ ಚಿಕ್ಕತಿಮ್ಮಪ್ಪ ಗೇಟಿನ ಬೇವಿನ ಮರಕ್ಕೆ ರೈಲು ಹಳಿಯ ತುಂಡು ನೇತುಹಾಕಿಸಿ ಹೇಳಿದ್ದ: "ಲೇ, ಒಬ್ನೇ ಇರ್ತೀಯ. ಹಾವೋ ಕಳ್ಳರೋ, ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗ್ತೈತೆ? ಗಂಟೆಗೊಂದ್ಸಲ ಮೂರು ಏಟು ಹೊಡಿ. ಸದ್ದು ನಿಂತ್ರೆ ಹೊನ್ನಕ್ಕ ನಂಗೆ ಫೋನ್ ಮಾಡ್ತಾಳೆ." ಹೊನ್ನಕ್ಕನದು ಎದುರಿಗೇ, ರಾತ್ರಿಯಿಡೀ ತೆರೆದಿರುವ ಟೀ ಅಂಗಡಿ. ಕಾಳಜಿಯಂತೆ ಕಾಳಜಿ! ಕಣ್ಣು ಮುಚ್ಚಿದರೆ ಸಿಕ್ಕಿಬೀಳಲಿ ಅಂತ ತಾನೇ? ರಂಗೇಶ ಹಲ್ಲು ಕಡಿದ.

ಒಂದು ರಾತ್ರಿ ತಲೆಯಲ್ಲಿ ಮಿಂಚು ಹೊಡೆಯಿತು. ಸದ್ದು ಕೇಳಿದರೆ ರಂಗೇಶ ಗೇಟಿನಲ್ಲಿದ್ದಾನೆ ಎಂದರ್ಥ. ಹಂಗಾದ್ರೆ ಸದ್ದೊಂದಿದ್ದರೆ ಸಾಕಲ್ಲ! ಮೂರೇಟನ್ನು ಹಳೇ ಫೋನಿಗೆ ರೆಕಾರ್ಡ್ ಮಾಡಿ, ಗಂಟೆಗೊಂದು ಅಲಾರಾಂ ಇಟ್ಟು, ಸ್ಪೀಕರನ್ನು ಬೇವಿನ ಪೊಟರೆಯಲ್ಲಿ ಅಡಗಿಸಿದ. ಒಂದು ವಾರ ಹಳಿಯ ಕಡೆ ತಿರುಗಿಯೂ ನೋಡಲಿಲ್ಲ. "ಗಡಿಯಾರ ತಪ್ಪಿದ್ರೂ ನೀ ತಪ್ಪಲ್ಲ ಕಣಪ್ಪ" ಎಂದು ಹೊನ್ನಕ್ಕ ಟೀಗೆ ಕೆನೆ ಹಾಕಿ ಕೊಟ್ಟಳು. ಅವನು ಗಂಭೀರವಾಗಿ ಕುಡಿದು, ಗೋಡೌನಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೊಬ್ಬರಿ ಮೂಟೆ ಸಾಗಿಸಲು ಆಯುಧಪೂಜೆಯ ರಾತ್ರಿಯೇ ಮುಹೂರ್ತ. ಊರೆಲ್ಲ ಹೋಳಿಗೆ ಉಂಡು ಮಲಗಿರುತ್ತದೆ. ಬೆಳಗ್ಗೆ ಪೂಜೆ ತಪ್ಪಿಸಿಕೊಂಡು ಜವನಗೊಂಡನಹಳ್ಳಿಗೆ ಹೋಗಿ ಗೂಡ್ಸ್ ಆಟೋ ಗೊತ್ತುಮಾಡಿದ. ಮಬ್ಬುಗತ್ತಲಲ್ಲಿ ಡ್ಯೂಟಿಗೆ ಬಂದಾಗ ಸಾಹುಕಾರ ಮಂಡಕ್ಕಿ ಪೊಟ್ಟಣ ಕೈಗಿಟ್ಟು, ಅದನ್ನೇ ತೋರಿಸುತ್ತ ಏನೋ ಹೇಳಿದ. ರಂಗೇಶ ಮನಸ್ಸಿನಲ್ಲೇ ಮೂಟೆ ಎಣಿಸುತ್ತಿದ್ದ. "ಹೂಂ ಸಾಹುಕಾರ್ರೆ, ಆಯ್ತು ಸಾಹುಕಾರ್ರೆ" ಎಂದ. ಪೊಟ್ಟಣ ಕುರ್ಚಿಯ ಕೆಳಗೆ ಹೋಯಿತು.

ಹತ್ತೂಕಾಲಿಗೆ ಹಿಂದಿನ ತಗಡು ಬಿಚ್ಚಿ, ಹದಿನೈದು ಮೂಟೆ ಹೇರಿಕೊಂಡು ಹೊಲದ ದಾರಿಯಲ್ಲಿ ಹೊಸದುರ್ಗಕ್ಕೆ ಹೊರಟ. ಹನ್ನೆರಡಾದಾಗ ಆಟೋದಲ್ಲಿ ಕೂತು ತೊಡೆ ತಟ್ಟಿದ: "ಹೊಡಿ ಮಗನೇ, ಹೊಡಿ!" ನಾಲ್ಕೂವರೆಗೆ ವಾಪಸ್. ಫೋನು, ಸ್ಪೀಕರು ಎರಡೂ ಪಾಳುಬಾವಿಗೆ. ಬೆಳಕು ಹರಿಯುತ್ತಲೇ ಬಾಯಿ ಬಡಿದುಕೊಂಡ, "ಅಯ್ಯಯ್ಯೋ, ಕಳ್ಳರು!"

ಪೊಲೀಸರು ಬಂದರು. ಅವರು ಕೇಳುವ ಮೊದಲೇ ಹೊನ್ನಕ್ಕ ಸಾಕ್ಷಿ ನುಡಿದಳು: "ಪಾಪದ ಹುಡುಗ ಸ್ವಾಮಿ! ಒಂದು ಗಂಟೆನೂ ಬಿಡ್ದಂಗೆ ಹಳಿ ಹೊಡದಾನೆ, ಈ ಕಿವೀಲೇ ಕೇಳೀನಿ." ರಂಗೇಶನಿಗೆ ಕುಣಿಯುವಷ್ಟು ಖುಷಿ, ತಲೆ ತಗ್ಗಿಸಿ ಮುಚ್ಚಿಕೊಂಡ. ಚಿಕ್ಕತಿಮ್ಮಪ್ಪ ಕುರ್ಚಿಯ ಕೆಳಗಿನ ಪೊಟ್ಟಣ ಬಿಚ್ಚಿದ. ಮಂಡಕ್ಕಿಯ ನಡುವೆ ಹೊಸ ಸೀಟಿಯೊಂದಿತ್ತು. ಆಮೇಲೆ ಆಫೀಸಿನ ಬೀಗ ತೆಗೆದ. ದೇವರ ಪಟದ ಮುಂದೆ, ತಕ್ಕಡಿಯ ಪಕ್ಕದಲ್ಲಿ, ಅರಿಶಿನ ಕುಂಕುಮ ಬಳಿದು ಚೆಂಡುಹೂವು ಮುಡಿಸಿದ್ದ ಹಳಿ ತುಂಡು ತಣ್ಣಗೆ ಕೂತಿತ್ತು. "ನಿನ್ನೆ ಬೆಳಗ್ಗೇನೇ ಪೂಜೆಗೆ ಇಳಿಸಿದ್ದು. ಇವತ್ತೊಂದಿನ ಸೀಟಿ ಊದು ಅಂತ ಹೇಳಿದ್ನಲ್ಲೋ," ಎಂದ ಸಾಹುಕಾರ. "ರಾತ್ರಿಯೆಲ್ಲ ಅದೇನು ಹೊಡದ್ಯಪ್ಪ ನೀನು?"