ನೀರು ಸೋಸುವ ಅರಿವೆ

2009ರ ಏಪ್ರಿಲ್. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಗೋಕಾಕ ಠಾಣೆಗೆ ದೂರು ಬಂತು. ಹೆಣ್ಣುಮಕ್ಕಳ ಆಸ್ಪತ್ರೆಯೊಂದರ ಫ್ರಿಜ್ಜಿನಿಂದ ನಾಲ್ಕು ಬಾಟಲಿ ಔಷಧ ಕಳವಾಗಿತ್ತು. ನಶೆಯ ಮಾಲಿರಬೇಕು ಎಂದುಕೊಂಡೇ ಪಿಎಸ್‌ಐ ಶೆಟ್ಟೆಪ್ಪ ಎಫ್‌ಐಆರ್ ಬರೆಸಿದರು. ಆಮೇಲೆ ಆಸ್ಪತ್ರೆಯ ಡಾಕ್ಟರ್ ಪ್ರಣಿತಾ ಹೇಳಿದ್ದನ್ನು ಕೇಳಿ ಅವರ ತಲೆ ಗಿರ್ರೆಂದಿತು.

ಅದು ನ್ಯಾನೋ ಔಷಧವಂತೆ. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಕಣದಲ್ಲಿ ಮದ್ದು ತುಂಬಿ ಸೂಜಿಯಲ್ಲಿ ಕೊಟ್ಟರೆ, ವಿಳಾಸ ಬರೆದ ಪಾರ್ಸಲ್ಲಿನಂತೆ ಗರ್ಭಕೋಶದಲ್ಲಿ ರೋಗವಿದ್ದ ಜಾಗಕ್ಕೇ ಹೋಗಿ ಇಳಿಯುತ್ತದಂತೆ. ಇನ್ನೂ ಪ್ರಯೋಗದಲ್ಲಿದ್ದ ಮದ್ದು. ಬಂದದ್ದು ಮೇಲವಂಕಿಯ ಶೈಲಾ ಎಂಬಾಕೆಗೆ. ಪಾಪ, ಮದುವೆಯಾದಾಗಿನಿಂದ ಬಸಿರಿಗಾಗಿ ಕಾದವಳು. ತಂಪು ತಪ್ಪಿದರೆ ಔಷಧ ಕೆಟ್ಟಿತು. ಮತ್ತೆ ಸಿಗುವುದಿಲ್ಲ.

ಪಂಚನಾಮೆ ಮಾಡುವಾಗ ಫ್ರಿಜ್ಜಿನ ಹಿಂದೆ ಹಸಿ ಬಟ್ಟೆಯೊಂದು ಸಿಕ್ಕಿತು. ಬಿಳಿಯದು, ದಪ್ಪ, ಎರಡು ಪದರ ಕೂಡಿಸಿ ಹೊಲಿದದ್ದು.

"ಜೈನರ ಮನ್ಯಾಗ ಕುಡಿಯೋ ನೀರು ಸೋಸೋ ಅರಿವಿರಿ ಸಾಹೇಬ್ರ," ಎಂದಳು ಮಹಿಳಾ ಪೇದೆ ಗೌರಕ್ಕ. ಬಾಟಲಿ ತಂಪಿರಲೆಂದು ಕದ್ದವರು ತೋಯಿಸಿ ತಂದ ಅರಿವೆಗಳಲ್ಲಿ ಒಂದು ಜಾರಿ ಬಿದ್ದಿತ್ತು.

ನಿನ್ನೆ ಶೈಲಾಳ ಬಾಜೂ ಕೂತು ಔಷಧದ ಬಗ್ಗೆ ಕೆದಕಿ ಕೆದಕಿ ಕೇಳಿದವಳು ಘೋಡಗೇರಿಯ ತೃಪ್ತಿ, ಜೈನರ ಸೊಸೆ, ಇವತ್ತು ಮುಂಜಾನೆಯೂ ಬಂದಿದ್ದಳು ಎಂದು ನರ್ಸ್ ಹೇಳಿದಳು. ಆ ಊರು ಹುಕ್ಕೇರಿ ಠಾಣೆಯ ಹದ್ದಿನಲ್ಲಿತ್ತು; ಅಲ್ಲಿಗೆ ತಿಳಿಸಿ ಜೀಪು ಹೊರಟಿತು.

ಬಾಟಲಿಗಳು ಸಿಕ್ಕಿದ್ದು ತೃಪ್ತಿಯ ಅಡುಗೆಮನೆಯಲ್ಲಿ, ನೀರಿನ ಕೊಡದ ಹಿಂದೆ, ಹಸಿ ಅರಿವೆಯ ಸುತ್ತಿನಲ್ಲಿ. ಸೂಜಿ ಮಾಡುವವರು ಯಾರೂ ಒಪ್ಪಿರಲಿಲ್ಲವಾದ್ದರಿಂದ ಮುಚ್ಚಳ ತೆಗೆದಿರಲಿಲ್ಲ. ಮುಟ್ಟಿದರೆ ಫ್ರಿಜ್ಜಿನ ತಂಪು ಪೂರಾ ಹೋಗಿತ್ತು; ಔಷಧ ಕೆಟ್ಟಿತ್ತು. ಶೈಲಾಳ ನೆನಪಾಗಿ ಶೆಟ್ಟೆಪ್ಪನವರಿಗೆ ಸಿಟ್ಟು ನೆತ್ತಿಗೇರಿತು.

"ನಿನ್ನೊಳಗ ಏನೂ ದೋಷ ಇಲ್ಲ ಅಂತ ಡಾಕ್ಟರು ಹೇಳ್ಯಾರ. ಮತ್ಯಾಕ ಕದ್ದಿ?"

"ಗಂಡನ್ನ ಕರಕೊಂಡು ಬಾ ಅಂದ್ರು. ಇವರು ಬರಂಗಿಲ್ಲ. ಬರೋ ವಾರ ಬ್ಯಾರೆ ಹೆಣ್ಣು ನೋಡಾಕ ಹೊಂಟಾರ," ಎಂದಳು ತೃಪ್ತಿ. "ದೋಷ ನಂದಾದ್ರ ಔಷಧ ಐತ್ರಿ. ಇವರದೈತಿ ಅಂತ ಹೇಳಾಕ ಯಾವ ಔಷಧ ಐತ್ರಿ?"

ಅತ್ತೆ ಜಿನ್ನವ್ವ ಮಗನ ಮುಖ ನೋಡಿದಳು. ಜಿನೇಂದ್ರ ನೆಲ ನೋಡುತ್ತ ನಿಂತ. ಮುದುಕಿ ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ ಹಾಕಿಕೊಂಡು ಬಂದಳು. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವಂತಿಲ್ಲ, ಸೊಸೆ ಎರಡು ತುತ್ತು ಉಂಡು ಬರಲಿ ಎಂದಳು. ಕಾನೂನಿನ ಪ್ರಕಾರ ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತೆಯೂ ಇರಲಿಲ್ಲ.

ತೃಪ್ತಿ ತಾಟು ಮುಟ್ಟಲಿಲ್ಲ. "ಆ ಶೈಲಕ್ಕಗ ಬ್ಯಾರೆ ಬಾಟ್ಲಿ ತರಸ್ತಾರಲ್ರಿ?"

"ತರಸ್ತಾರ," ಎಂದರು ಶೆಟ್ಟೆಪ್ಪ. ಇಡೀ ದಿನದ ತನಿಖೆಯಲ್ಲಿ ಅವರು ಆಡಿದ ಸುಳ್ಳು ಅದೊಂದೇ.

ಆಕೆ ನಂಬಿ ಉಂಡಳು. ಕೈ ತೊಳೆದ ಮೇಲೆ ಗೌರಕ್ಕ ಬಂಧಿಸಿದಳು. ಹೊರಗೆ ಇನ್ನೂ ಬಿಸಿಲಿತ್ತು.